ಬೋಳು ಕರುವಿನ ಅಕ್ಷರ ಹುಡುಕಿಕೊಂಡು ಡೆನ್ಮಾರ್ಕಿಗೆ

ಬಿಳಿಗೆರೆ ಬಸ್ ಸ್ಟ್ಯಾಂಡು

ಡೆನ್ಮಾರ್ಕಿಗೆ ಹೊರಟ ನನ್ನ ಚೀಲದಲ್ಲಿ ಎರಡು ಸ್ವೆಟರ್, ಒಂದು ಡಬ್ಬಿ ಹಲ್ಲುಪುಡಿ, ಹುರುಳಿ ಚಟ್ನಿಪುಡಿ, ಒಂದು ವಿಭೂತಿ ಗಟ್ಟಿ ಇದ್ದವು. ಅದೇನೂ ಭಾರವಲ್ಲ. ಬಸ್ಸು ಬರುವ ಹೊತ್ತಿಗೆ ಸರಿಯಾಗಿ ಗುರುಮಲ್ಲಮ್ಮ ಓಡಿಬಂದು ತಕ್ಕಡಿಗೆ ಸಿಗದ ಒಂದು ಗಂಟನ್ನು ನನ್ನ ತಲೆ ಮೇಲೆ ಹೊರಿಸಿದಳು.

"ದೇವೀರಿ, ಅಲ್ಲಿಗಂಟ ಓಯ್ತಾ ಇದ್ದೀಯಲ್ಲ, ಆ ಜನನ ಒಂದೇ ಒಂದು ಮಾತು ಕೇಳ್ಕಂಡು ಬಾ. ಈ ಕರ ಇಂಗೆ ಉಟ್ತಲ್ಲ, ಇದು ಯಾರ್ ಕಡೆಯಿಂದ ಬಂತು? ನಮ್ ಕಡೆಯಿಂದ್ಲಾ, ಸೊಸೆ ಕಡೆಯಿಂದ್ಲಾ? ಅಷ್ಟೇ."

ಅಷ್ಟೇ ಅಂದಳು. ಆ ಅಷ್ಟೇ ಎಷ್ಟು ದೊಡ್ಡದು ಅಂತ ಹೇಳಬೇಕಾದರೆ ಅವಳ ಕೊಟ್ಟಿಗೆಯಿಂದಲೇ ಶುರು ಮಾಡಬೇಕು.

ಗುರುಮಲ್ಲಮ್ಮ ನಮ್ಮ ಮನೆಯಿಂದ ಮೂರನೇ ಮನೆಯವಳು. ಅವಳ ಸೊಸೆ ಮಾದೇವಿ ನರಸೀಪುರದ ಕಡೆಯವಳು, ಸೋಮನಾಥಪುರಕ್ಕೆ ಒಂದು ಕೂಗಿನ ದೂರದ ಊರು. ಮದುವೆಯಲ್ಲಿ ತವರಿನವರು ಕೋಡಿಗೆ ಅರಿಶಿನ ಬಳಿದು ಕೆಂಪಿ ಅನ್ನುವ ಹಸುವನ್ನು ಬಳುವಳಿ ಕೊಟ್ಟಿದ್ದರು. ಕೆಂಪಿ ನಮ್ಮೂರಿಗೆ ಬಂದು ಹಾಕಿದ ಮೊದಲ ಕರುವಿಗೆ ಮೈ ಮೇಲೆ ಕೂದಲೇ ಇಲ್ಲ. ಕಿವಿಯಿಂದ ಬಾಲದ ತನಕ ಬೇಯಿಸಿ ಸುಲಿದ ಗೆಣಸಿನ ಹಾಗೆ ನುಣ್ಣಗೆ. ಕಣ್ಣ ರೆಪ್ಪೆಯಲ್ಲಿ ಮಾತ್ರ ನಾಲ್ಕು ಕೂದಲು. ಬೋಳು ಹೆಣ್ಣುಗರು! ನೋಡಲು ಬಂದವರು ನೋಡಿ ಸುಮ್ಮನೆ ಹೋಗಲಿಲ್ಲ. "ನರಸೀಪುರದ ದನ, ಏನು ದೋಸ ತಂದದೋ" ಅಂದರು. ಮಾದೇವಿಗೆ ಆಗ ಐದು ತಿಂಗಳು.

ಬಸವ ಜಯಂತಿಯ ಒಳಗೆ ಹಸುವನ್ನೂ ಕರುವನ್ನೂ ತವರಿಗೆ ವಾಪಸು ಹೊಡೆಸುವುದು ಅಂತ ಗುರುಮಲ್ಲಮ್ಮ ತೀರ್ಮಾನ ಮಾಡಿದಳು. ಕರುವಿಗೆ ಹೆಸರನ್ನೂ ಇಡಲಿಲ್ಲ, ಹೆಸರಿಟ್ಟ ಕರು ಮನೆಯದಾಗಿಬಿಡುತ್ತದೆ ಅಂತ. ಬಳುವಳಿ ಹಸು ತವರಿಗೆ ವಾಪಸು ಹೋಯಿತು ಅಂದರೆ ನಮ್ಮ ಕಡೆ ಏನರ್ಥ ಅಂತ ನಿಮಗೆ ಗೊತ್ತೇ ಇದೆ. ಹೆಣ್ಣಿನ ತಲೆ ಅದರ ಹಿಂದೆಯೇ ಬಗ್ಗುತ್ತದೆ.

ಹಾಗಂತ ಗುರುಮಲ್ಲಮ್ಮ ಕೆಟ್ಟವಳಲ್ಲ. ಬಿಸಿಲಿಗೆ ಕರುವಿನ ಚರ್ಮ ಸುಡುತ್ತದೆ ಅಂತ ತನ್ನ ಹಳೇ ಇಳಕಲ್ ಸೀರೆ ಹರಿದು ಅದಕ್ಕೊಂದು ಕುಪ್ಪಸ ಹೊಲಿದವಳೂ ಅವಳೇ. ಹೆದರಿದ್ದಳು, ಅಷ್ಟೇ.

ಮಾದೇವಿ ಬಸ್ಸಿನ ಕಿಟಕಿಯ ಹತ್ತಿರ ಬಂದು ಅತ್ತೆಗೆ ಕೇಳದ ಹಾಗೆ ಹೇಳಿದಳು: "ಅವ್ವಾ, ಇನ್ನೊಂದು ಕೇಳಿ. ನನ್ನ ಒಟ್ಟೇಲಿರೋದಕ್ಕೂ ಅಂಗೇ ಆಯ್ತದಾ ಅಂತ." ಮಾತು ಮುಗಿಯುವ ಮುಂಚೆ ಬಸ್ಸು ಹೊರಟಿತು. 

ಬೆಂಗಳೂರಿನ ವಿಮಾನ ನಿಲ್ದಾಣ

ಅರವತ್ತರ ಹತ್ತಿರದ ಪಶುಸಖಿಯನ್ನು ಯಾರು ಡೆನ್ಮಾರ್ಕಿಗೆ ಕರೀತಾರೆ ಅಂತ ಊರಲ್ಲಿ ಎಲ್ಲರೂ ಕೇಳಿದರು. ನಾನು ಹಳ್ಳಿ ದನಗಳಿಗೆ ಮದ್ದು ಹಾಕುವವಳು, ಕಿವಿಯೋಲೆ ನಂಬರು ಬರೆಯುವವಳು. ಮೈಸೂರಿನ ಡಾಕ್ಟರ್ ರೂಪಾ ನಮ್ಮ ಹೋಬಳಿಯಲ್ಲಿ ತಾಯಿ, ತಂದೆ, ಕರು ಮೂರರ ರಕ್ತವನ್ನೂ ಒಟ್ಟೊಟ್ಟಿಗೆ ಹಿಡಿದರು. ದನವನ್ನು ಮಾತಾಡಿಸಿ ನಿಲ್ಲಿಸುವುದು, ಶೀಶೆ ಮೇಲೆ ಹೆಸರು ಬರೆಯುವುದು ನನ್ನ ಕೆಲಸ. ರಕ್ತದೊಳಗಿನ ವಂಶದ ಬರಹವನ್ನು ಇಲ್ಲೇ ಓದಿಸಿದರು, ಓದಿದ ಅಕ್ಷರ ಮಾತ್ರ ಕಂಪ್ಯೂಟರಿನಲ್ಲಿ ಡೆನ್ಮಾರ್ಕಿಗೆ ಹೋಯಿತು. ಅಲ್ಲಿನವರು ಬೇರೆ ಬೇರೆ ದೇಶದಲ್ಲಿ ನನ್ನಂತೆ ದನ ಹಿಡಿದುಕೊಂಡವರನ್ನೂ ಒಮ್ಮೆ ನೋಡಬೇಕು ಅಂದರಂತೆ. ಹೀಗೆ ನಮ್ಮ ಊರಿನ ದನಗಳು ಮೊದಲು ಹೋದವು, ಹಿಂದಿನಿಂದ ನಾನು.

ವಿಮಾನ ನಿಲ್ದಾಣದಲ್ಲಿ ನನ್ನ ಹಲ್ಲುಪುಡಿ ಡಬ್ಬಿ ಮಿಷನ್ನಿನೊಳಗೆ ಹೋಗಿ ಸಿಕ್ಕಿಬಿತ್ತು. ಆಫೀಸರು ಮುಚ್ಚಳ ತೆಗೆದು ಗುಲಾಬಿ ಪುಡಿ ಮೂಸಿ ನೋಡಿದ.

"ಏನಮ್ಮ ಇದು?"

"ಹಲ್ಲುಪುಡಿ ಕಣಪ್ಪ."

"ಇಷ್ಟೊಂದಾ?"

"ಅಲ್ಲಿ ಸಿಗದಿದ್ದರೆ?"

ನಂಬಲಿಲ್ಲ ಅನ್ನಿಸಿತು. ಒಂದು ಚಿಟಿಕೆ ತೆಗೆದು ಅಲ್ಲೇ ಉಜ್ಜಿ ತೋರಿಸಿದೆ. ಹಿಂದಿದ್ದ ಸಾಲು ಪೂರಾ ನಕ್ಕಿತು. ಜೊತೆಗೆ ಹೊರಟಿದ್ದ ರೂಪಾ ಡಾಕ್ಟ್ರಮ್ಮ ನನ್ನನ್ನು ಕಂಡರೆ ಆಗದವರಂತೆ ಬೇರೆ ಕಡೆ ನೋಡಿದರು. ಆಫೀಸರು ಮಾತ್ರ ಡಬ್ಬಿ ಮುಚ್ಚಿ ಕೈಗೆ ಕೊಟ್ಟು, "ನಮ್ಮಜ್ಜೀನೂ ಇದನ್ನೇ ಉಜ್ತಿದ್ರು, ಹೋಗ್ರಮ್ಮ" ಅಂದ. ಬಾಯಿ ತೊಳೆಯಲು ನೀರು ಸಿಗುವ ಹೊತ್ತಿಗೆ ನಾನು ಅರ್ಧ ನಿಲ್ದಾಣ ನಡೆದಿದ್ದೆ.

ಮೊದಲ ದಿನ: ಬೀದಿಯಲ್ಲಿ ಮಲಗಿದ ಮಗು

ನಾವಿಳಿದದ್ದು ಸಮುದ್ರದ ಗಾಳಿ ಬೀಸುವ ಒಂದು ಸಣ್ಣ ಊರಿಗೆ. ಏಪ್ರಿಲ್ ತಿಂಗಳು. ನಮ್ಮಲ್ಲಿ ಕಪಿಲೆ ಹೊಳೆಯ ಮರಳು ಕಾಲು ಸುಡುವ ಕಾಲ, ಅಲ್ಲಿ ಮೂಗಿನ ತುದಿ ನನ್ನದೋ ಪಕ್ಕದವರದೋ ಗೊತ್ತಾಗದಷ್ಟು ಚಳಿ.

ಒಂದು ಕಾಫಿ ಅಂಗಡಿಯ ಹೊರಗೆ ಮಕ್ಕಳ ಗಾಡಿ ನಿಂತಿತ್ತು. ಒಳಗೆ ಹಾಲುಗಲ್ಲದ ಮಗು, ಕಣ್ಣುಮುಚ್ಚಿ ನಿದ್ದೆ. ಸುತ್ತಮುತ್ತ ಒಂದು ನರಪಿಳ್ಳೆ ಇಲ್ಲ.  ನಮ್ಮ ಕಡೆ ಕರುವನ್ನು ಬೀದಿಯಲ್ಲಿ ಕಟ್ಟಬೇಕಾದರೂ ಕೊರಳಿಗೆ ಒಂದು ಕರೀ ದಾರ ಇಲ್ಲದೆ ಕಟ್ಟುವುದಿಲ್ಲ. ಡಾಕ್ಟ್ರಮ್ಮ ಮುಂದೆ ಹೋದರು, ನಾನು ಗಾಡಿ ಪಕ್ಕ ಕಾವಲು ನಿಂತೆ. ಮಗುವಿನ ಮುಖಕ್ಕೆ ಗಾಳಿ ತಾಗದಿರಲಿ ಅಂತ ನನ್ನ ಸೆರಗನ್ನೂ ಅಡ್ಡ ಹಿಡಿದೆ.

ಅಂಗಡಿಯೊಳಗಿಂದ ಒಬ್ಬಳು ಹುಡುಗಿ ಕಪ್ಪು ಹಿಡಿದುಕೊಂಡೇ ಹೊರಗೆ ಬಂದಳು. ನನ್ನನ್ನು ನೋಡಿದಳು, ಮಗುವನ್ನು ನೋಡಿದಳು. ನಾನು ಅವಳ ಮೇಲೇ ಕೈಸನ್ನೆಯಲ್ಲಿ ರೇಗಿದೆ: ಹೀಗೆ ಬಿಟ್ಟು ಹೋಗ್ತಾರಾ? ಅಷ್ಟರಲ್ಲಿ ನಮ್ಮನ್ನು ಕರೆಸಿದ್ದ ಬಿರ್ಗಿತ್ ಎದುರಿನಿಂದ ಬಂದರು. ಬಿರ್ಗಿತ್ ನಮ್ಮ ದನಗಳ ಅಕ್ಷರ ಹೋಗಿದ್ದ ಲ್ಯಾಬಿನ ಹಿರಿಯ ವಿಜ್ಞಾನಿ. ನನ್ನ ವಾರಿಗೆಯವರು, ನನಗಿಂತ ಒಂದು ಮೊಳ ಎತ್ತರ, ಮಾತು ಕಡಿಮೆ. ನಡೆದದ್ದು ತಿಳಿದು ಬಗ್ಗಿ ಬಗ್ಗಿ ನಕ್ಕರು.

ವಾಪಸು ಬಂದ ಡಾಕ್ಟ್ರಮ್ಮ ಕನ್ನಡದಲ್ಲಿ ಬಿಡಿಸಿ ಹೇಳಿದರು: "ಇಲ್ಲಿ ಮಕ್ಕಳನ್ನ ಹೊರಗೇ ಮಲಗಿಸ್ತಾರಂತೆ ದೇವೀರಮ್ಮ. ತಣ್ಣನೆ ಗಾಳೀಲಿ ನಿದ್ದೆ ಚೆನ್ನಾಗಿ ಬರುತ್ತೆ ಅಂತ. ಆ ಹುಡುಗಿ ನೀವು ಮಗು ಎತ್ಕೊಂಡು ಹೋಗೋಕೆ ಬಂದಿದ್ದೀರಿ ಅಂತ ಹೆದರಿಬಿಟ್ಟಿದ್ದಳು."

ನಾನು ಆ ಹುಡುಗಿಗೆ ಕೈ ಮುಗಿದೆ. ಅವಳು ನನ್ನ ಸೆರಗಿನ ಅಂಚನ್ನು ಮುಟ್ಟಿ ನೋಡಿ ಏನೋ ಹೇಳಿದಳು, ಚೆನ್ನಾಗಿದೆ ಅಂತ ಇರಬೇಕು. ಆ ರಾತ್ರಿ ಊಟ ಮಾಡುವಾಗ ಮಾದೇವಿ ನೆನಪಾದಳು. ಒಂದು ಊರಿನ ಹೆದರಿಕೆ ಇನ್ನೊಂದು ಊರಿನಲ್ಲಿ ಇರುವುದೇ ಇಲ್ಲ ನೋಡಿ. ಹೆದರಿಕೆ ಅನ್ನುವುದು ಮಾತ್ರ ಎಲ್ಲ ತಾಯಂದಿರಿಗೂ ಒಂದೇ.

ಲ್ಯಾಬು

ಲ್ಯಾಬಿನಲ್ಲಿ ಒಂದು ಹಸುವೂ ಇರಲಿಲ್ಲ, ಸಗಣಿಯ ವಾಸನೆಯೂ ಇರಲಿಲ್ಲ. ಗೋಡೆಯ ಮೇಲೆ ಬಾಚಣಿಗೆಗಳ ಚಿತ್ರ ಮಾತ್ರ. ನಿಜವಾದ ಬಾಚಣಿಗೆ ಅಲ್ಲ, ಉದ್ದ ಗಿಡ್ಡ ಕಡ್ಡಿಗಳ ಸಾಲು.

ಬಿರ್ಗಿತ್ ಹೇಳಿದ್ದು, ಡಾಕ್ಟ್ರಮ್ಮ ಬಿಡಿಸಿದ್ದು, ನನಗೆ ಅರ್ಥವಾದದ್ದು ಇಷ್ಟು: ಜೀವದ ಬರವಣಿಗೆಯಲ್ಲಿ ನಾಲ್ಕೇ ಅಕ್ಷರ. ಎ, ಸಿ, ಜಿ, ಟಿ. ತಾಯಿ ತಂದೆಯಿಂದ ಕರುವಿಗೆ ನಕಲಾಗುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗುತ್ತದೆ. ಯಾವ ಅಕ್ಷರ ಯಾವುದಕ್ಕೆ ಎಷ್ಟು ಸಲ ತಿರುಗಿತು ಅನ್ನುವುದೇ ಆ ಕಡ್ಡಿಗಳ ಎತ್ತರ. ಒಂದು ಬಾಚಣಿಗೆ ಹಸುವಿನದು, ಒಂದು ಮನುಷ್ಯರದು, ಒಂದು ಇಲಿಯದು. ಸಣ್ಣ ಹಲ್ಲುಗಳಲ್ಲಿ ಅಷ್ಟಿಷ್ಟು ವ್ಯತ್ಯಾಸ ಇತ್ತು. ಎತ್ತರದ ಹಲ್ಲುಗಳು ಮಾತ್ರ ಮೂರರಲ್ಲೂ ಅದೇ ಜಾಗದಲ್ಲಿ. ಸಿ ಪಕ್ಕದಲ್ಲಿ ಜಿ ಬಂದಿದ್ದರೆ ಆ ಸಿ ಜಾರಿ ಟಿ ಆಗುವುದೇ ಹಾಲೂಡುವ ಪ್ರಾಣಿಗಳಲ್ಲೆಲ್ಲ ಹೆಚ್ಚಂತೆ.

ಇದು ನನಗೆ ಹೊಸದು ಅನ್ನಿಸಲಿಲ್ಲ. ನಮ್ಮಜ್ಜಿ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದಳು. ಜಾಣರೂ ದಡ್ಡರೂ ಕೈ ಜಾರಿಸುತ್ತಿದ್ದದ್ದು ಅದೇ ತಿರುವಿನಲ್ಲೇ. "ಅದು ಮಕ್ಕಳ ತಪ್ಪಲ್ಲ ಕಣ್ರೇ, ಆ ತಿರುವೇ ಅಂಗದೆ" ಅನ್ನುತ್ತಿದ್ದಳು. ನಾನು ಇದನ್ನು ಹೇಳಿದಾಗ ಬಿರ್ಗಿತ್ ಅದನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.

ಆಮೇಲೆ ನಮ್ಮ ಬೋಳು ಕರುವಿನ ವಿಷಯ ಎತ್ತಿದೆ. ಬಿರ್ಗಿತ್ ಮುಖ ಸಣ್ಣಗಾಯಿತು. ಆ ಕುಟುಂಬವನ್ನು ಲೆಕ್ಕದಿಂದ ತೆಗೆದುಹಾಕುವವರಿದ್ದೇವೆ ಅಂದರು.

"ಯಾಕಂತೆ?" ಅಂದೆ.

ಡಾಕ್ಟ್ರಮ್ಮ ಹೇಳಿದರು: "ಯಾವ ಕರುವಿನಲ್ಲೂ ಹೊಸ ಅಕ್ಷರ ಹತ್ತಾರು ಇರುತ್ತವೆ. ಇದರಲ್ಲಿ ಎಣಿಸೋಕೇ ಆಗದಷ್ಟು ತೋರಿಸ್ತಿದೆ. ಅಂದರೆ ತಾಯಿ ಅಂತ ಬರೆದಿರೋ ಹಸು ಇದರ ತಾಯಿ ಅಲ್ಲ. ಎಲ್ಲೋ ಶೀಶೆ ಅದಲುಬದಲಾಗಿದೆ."

"ಶೀಶೆ ಮೇಲೆ ಬರೆದೋಳು ನಾನು. ಅದಲುಬದಲು ಹೆಂಗಾಯ್ತದೆ?" ಸಿಟ್ಟೇ ಬಂತು ನನಗೆ.

"ತಾಯಿ ಹೆಸರು ಏನು ಬರೆದಿದ್ರಿ?"

"ಬೆಳ್ಳಿ."

ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು.

ಕೆಂಪಿ ಹೆತ್ತವಳು, ನಿಜ. ಆದರೆ ಆ ನುಣ್ಣನೆ ಮೈ ಮೂಸಿದವಳೇ ಒದ್ದುಬಿಟ್ಟಳು. ಹತ್ತಿರ ಸೇರಿಸಲಿಲ್ಲ. ಪಕ್ಕದ ಗೂಟದಲ್ಲಿದ್ದ ಗುರುಮಲ್ಲಮ್ಮನ ಸ್ವಂತ ಹಸು ಬೆಳ್ಳಿ, ತನ್ನ ಕರುವಿನ ಜೊತೆ ಇದನ್ನೂ ನೆಕ್ಕಿ ಹಾಲು ಕೊಟ್ಟಳು. ನಮ್ಮ ಕಡೆ ಒಂದು ಪದ್ಧತಿ ಉಂಟು: ತಾಯಿ ಒಲ್ಲದ ಕರುವಿನ ಎದುರಿಗೆ ಆ ಮಾತು ಎತ್ತಬಾರದು. ಹಾಲೂಡಿದವಳನ್ನೇ ತಾಯಿ ಅನ್ನಬೇಕು, ಇಲ್ಲದಿದ್ದರೆ ಕರು ಕೊರಗುತ್ತದೆ. ರಕ್ತ ಹಿಡಿದ ದಿನ ಡಾಕ್ಟ್ರಮ್ಮ ಕೊಟ್ಟಿಗೆಯಲ್ಲೇ ನಿಂತು "ತಾಯಿ ಯಾವುದು?" ಅಂದರು. ಗುರುಮಲ್ಲಮ್ಮ ಬೆಳ್ಳಿ ಕಡೆ ಕೈ ತೋರಿದಳು. ನಾನು ಬೆಳ್ಳಿ ಅಂತ ಬರೆದೆ. ಸುಳ್ಳು ಬರೆಯುತ್ತಿದ್ದೇನೆ ಅಂತ ಆ ಗಳಿಗೆಯಲ್ಲಿ ಹೊಳೆಯಲೇ ಇಲ್ಲ. ನಾನೂ ಹುಟ್ಟಿದಾಗಲೇ ತಾಯಿ ಕಳೆದುಕೊಂಡು ಚಿಕ್ಕವ್ವನ ಹಾಲು ಕುಡಿದವಳು. ಡೆನ್ಮಾರ್ಕಿಗೆ ಬರಲು ಮಾಡಿಸಿದ ಪಾಸ್‌ಪೋರ್ಟಿನಲ್ಲೂ ತಾಯಿಯ ಹೆಸರು ಅಂತ ಚಿಕ್ಕವ್ವನದೇ ಇದೆ.

ಕೊಟ್ಟಿಗೆಯ ಎಲ್ಲ ದನಗಳ ರಕ್ತವನ್ನೂ ಹಿಡಿದಿದ್ದೆವು, ಕೆಂಪಿಯದೂ ಇತ್ತು. ಆದರೂ ಗುರುಮಲ್ಲಮ್ಮನ ಮನೆಯ ಮಾತನ್ನು ಪರದೇಶದಲ್ಲಿ ಬಿಚ್ಚುವ ಮುಂಚೆ ಅವಳನ್ನು ಕೇಳಬೇಕು ಅನ್ನಿಸಿತು. ಅಲ್ಲಿಂದಲೇ ಫೋನು ಮಾಡಿದೆ. ನಮ್ಮಲ್ಲಿ ಮಧ್ಯಾಹ್ನ.

"ಗುರುಮಲ್ಲಿ, ಕರನ ಎತ್ತೋಳು ಯಾರು ಅಂತ ಇವರು ಕೇಳ್ತಾವ್ರೆ. ಇದ್ದದ್ದು ಯೋಳ್ಲಾ?"

"ತಡಿ ತಡಿ." ಚಪ್ಪಲಿ ಸದ್ದು, ಬಾಗಿಲ ಸದ್ದು, ನಾಯಿ ಬೊಗಳಿದ್ದು ಕೇಳಿಸಿತು. ಆಮೇಲೆ ಪಿಸುಮಾತು. "ಈಗ ಯೋಳು. ಕೊಟ್ಟಿಗೇಲಿದ್ದೆ ಕಣೆ, ಅದರ ಕಿವಿಗೆ ಬಿದ್ದಾತು ಅಂತ ಆಚೀಗೆ ಬಂದೆ."

"ನೀನು ನಾಳೆ ಕಳಿಸಿಬುಡೋ ಕರ, ಅದರ ಕಿವಿಗೆ ಬಿದ್ದರೇನು?"

ಅವಳು ಮೊದಲು ನಾಯಿಯನ್ನು ಗದರಿದಳು. ಆಮೇಲೆ, "ಕಳಿಸೋಗಂಟ ನಮ್ಮನೇದು ತಾನೆ?" ಅಂದಳು. "ಕೆಂಪೀನೇ ಎತ್ತಿದ್ದು ಅಂತ ಮೆತ್ತಗೆ ಯೋಳ್ಬುಡು ಅವ್ರಿಗೆ."

ಡಾಕ್ಟ್ರಮ್ಮ ಇದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದರು. ಬಿರ್ಗಿತ್ ಬೆಳ್ಳಿಯ ಹೆಸರು ಹೊಡೆದು ಕೆಂಪಿ ಅಂತ ಹಾಕಿದರು. ಬೆಳ್ಳಿಯ ಹೆಸರನ್ನು ಪೂರ್ತಿ ಅಳಿಸಲಿಲ್ಲ. ಪಕ್ಕದಲ್ಲಿ ಏನೋ ಬರೆದರು. ಏನದು ಅಂದೆ. "ಹಾಲು ಕೊಟ್ಟವಳು," ಅಂತ ಡಾಕ್ಟ್ರಮ್ಮ ಓದಿ ಹೇಳಿದರು.

ಹಸು ಕುಣಿದ ಭಾನುವಾರ

ಆ ದೇಶದಲ್ಲಿ ಚಳಿಗಾಲ ಪೂರ್ತಿ ದನಗಳು ಕೊಟ್ಟಿಗೆಯೊಳಗೇ ಇರುತ್ತವೆ. ಏಪ್ರಿಲ್‌ನ ಒಂದು ಭಾನುವಾರ ಬಾಗಿಲು ತೆಗೆದು ಹುಲ್ಲಿಗೆ ಬಿಡುತ್ತಾರೆ. ಅದನ್ನು ನೋಡಲು ಊರಿಗೆ ಊರೇ ಮಕ್ಕಳು ಮರಿ ಕಟ್ಟಿಕೊಂಡು ಬರುತ್ತದೆ. ಬಾಗಿಲು ತೆಗೆದರು ನೋಡಿ, ಆರೇಳು ಕ್ವಿಂಟಾಲಿನ ಹೆಂಗಸರು ಹಿಂಗಾಲು ಎತ್ತಿ ಎತ್ತಿ ಕುಣಿದರು! ಕೆಚ್ಚಲು ಅಲ್ಲಾಡಿಸಿಕೊಂಡು, ಬಾಲ ನೆಟ್ಟಗೆ ಮಾಡಿಕೊಂಡು. ಜನ ಚಪ್ಪಾಳೆ ತಟ್ಟಿದರು. ನಾವು ಸಂಕ್ರಾಂತಿಗೆ ಕಿಚ್ಚು ಹಾಯಿಸಿ ದನಗಳನ್ನು ಹಾರಿಸುತ್ತೇವೆ. ಇಲ್ಲಿ ಬೆಂಕಿ ಬೇಡ, ಒಂದು ಹಿಡಿ ಹಸಿರು ಸಾಕು.

ನನ್ನ ಕಣ್ಣು ನೆಟ್ಟಿದ್ದು ಮಾತ್ರ ಬೇರೆ ಕಡೆ. ಒಂದು ಪಕ್ಕದಲ್ಲಿ ಪುಟ್ಟ ಪುಟ್ಟ ಗೂಡುಗಳ ಮುಂದೆ ಕರುಗಳು ನಿಂತಿದ್ದವು. ಒಂದೊಂದಕ್ಕೂ ಒಂದೊಂದು ಕೋಟು! ಹೊಟ್ಟೆ ಕೆಳಗೆ ಪಟ್ಟಿ ಬಿಗಿದು, ಶಾಲೆಗೆ ಹೊರಟವರ ಹಾಗೆ. ಚಳಿಗೆ ಹಾಕುತ್ತಾರಂತೆ. ಈ ಊರಲ್ಲಿ ಹುಟ್ಟಿದ್ದರೆ ನಮ್ಮ ಬೋಳು ಕರು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ ಅಂತ ಅಂದುಕೊಂಡೆ.

ಬಿರ್ಗಿತ್ ಎರಡು ಲೋಟ ಹಾಲು ಹಿಡಿದು ಬಂದು ಬೇಲಿಗೆ ಒರಗಿದರು. ಉತ್ತರ ಸಿಕ್ಕಿತ್ತು. ಕೆಂಪಿಯನ್ನು ತಾಯಿ ಅಂತ ಇಟ್ಟು ಮತ್ತೆ ಓದಿದಾಗ ಹೊಸ ಅಕ್ಷರಗಳು ಹತ್ತಾರಕ್ಕೆ ಇಳಿದವು. ಅದರಲ್ಲಿ ಒಂದು, ಕೂದಲು ಬೆಳೆಯಲು ಬೇಕಾದ ಜಾಗದಲ್ಲೇ ಬಿದ್ದಿದೆ. ಜಿ ಪಕ್ಕದ ಒಂದು ಸಿ, ಟಿ ಆಗಿದೆ. ಅದೇ ಹಳೇ ತಿರುವು. ಇದೇ ಕಾರಣ ಅಂತ ಆಣೆ ಇಟ್ಟು ಹೇಳಲಾರೆ, ಆದರೆ ಬೇರೆ ಕಾರಣ ಕಾಣುತ್ತಿಲ್ಲ ಅಂದರು. ಆ ಅಕ್ಷರ ಕೆಂಪಿಯ ಮೈಯಲ್ಲಿಲ್ಲ. ತಂದೆಯ ಮೈಯಲ್ಲೂ ಇಲ್ಲ. ಕರುವಿನ ಜೊತೆಗೇ ಹೊಸದಾಗಿ ಬಂದದ್ದು.

ಮಾದೇವಿಯ ಪ್ರಶ್ನೆಯನ್ನೂ ಕೇಳಿದೆ. ಬಿರ್ಗಿತ್ ಲೋಟ ಕೆಳಗಿಟ್ಟರು. ಹಸುವಿಗೆ ಆದದ್ದಕ್ಕೂ ಅವಳ ಬಸುರಿಗೂ ಏನೂ ಸಂಬಂಧವಿಲ್ಲ ಅಂತ ಮೊದಲು ಹೇಳಿ, ಆಮೇಲೆ ನಿಧಾನವಾಗಿ ಇನ್ನೊಂದು ಹೇಳಿದರು. ಹುಟ್ಟುವ ಪ್ರತಿ ಮಗುವೂ ಅಪ್ಪ ಅಮ್ಮ ಇಬ್ಬರಲ್ಲೂ ಇಲ್ಲದ ಕೆಲವು ಅಕ್ಷರ ತರುತ್ತದೆ. ನನ್ನಲ್ಲೂ ಇದೆ, ನಿನ್ನಲ್ಲೂ ಇದೆ. ಬಹುಪಾಲು ಯಾವ ತೊಂದರೆಯನ್ನೂ ಮಾಡದೆ ಸುಮ್ಮನೆ ಕೂತಿರುತ್ತವೆ.

"ಅಷ್ಟೇ ಅಲ್ಲ," ಅಂದರು ಡಾಕ್ಟ್ರಮ್ಮ, "ಈ ಅಕ್ಷರ ಜಾರಿದ್ದು ಹಸುವಿನ ಕಡೆಯೋ ಹೋರಿ ಕಡೆಯೋ ಅಂತಾನೂ ಪ್ರಯತ್ನ ಮಾಡಿ ನೋಡಬಹುದಂತೆ. ಸಾಮಾನ್ಯವಾಗಿ ಹೋರಿ ಕಡೆಯೇ ಜಾಸ್ತಿ. ಹೋರಿಗೆ ವಯಸ್ಸಾದಷ್ಟೂ ಜಾಸ್ತಿ. ನೋಡಲಾ ಅಂತ ಕೇಳ್ತಿದ್ದಾರೆ."

ಹೋರಿ! ಇಷ್ಟು ದಿನ ಊರಲ್ಲಿ ಒಬ್ಬರಾದರೂ ಹೋರಿಯ ಮಾತು ಎತ್ತಿದ್ದರೆ ಕೇಳಿ. ಹೆಣ್ಣಿನ ತವರು, ಹೆಣ್ಣಿನ ಹಸು, ಹೆಣ್ಣಿನ ಹೊಟ್ಟೆ, ಎಲ್ಲ ಆಯಿತು. ಹೋರಿ ಯಾರು ಗೊತ್ತಾ? ನಮ್ಮೂರ ದೇವರಿಗೆ ಬಿಟ್ಟ ಬಸವ. ಮುದುಕ. ರಕ್ತ ಹಿಡಿಯುವಾಗಲೂ ಒಂದು ಚಿಪ್ಪು ರಸಬಾಳೆ ತಿಂದು ನಮಗೇ ಉಪಕಾರ ಮಾಡಿದವನಂತೆ ನಿಂತಿದ್ದ.

ನಗು ಬಂತು, ನಕ್ಕೆ. ನಕ್ಕು ಮುಗಿದ ಮೇಲೆ ಯೋಚನೆಯಾಯಿತು. ಬಸವನ ಕಡೆಯಿಂದ ಅಂದರೆ, ದೇವರು ಮುನಿದಿದ್ದಾನೆ, ಸೊಸೆ ಕಾಲಿಟ್ಟ ಗಳಿಗೆ ಸರಿಯಿಲ್ಲ ಅನ್ನುತ್ತಾರೆ. ಕೆಂಪಿ ಕಡೆಯಿಂದ ಅಂದರೆ ಕೇಳುವುದೇ ಬೇಡ. ಯಾವ ಕಡೆ ಬಿದ್ದರೂ ಉರುಳಿ ಮಾದೇವಿಯ ಕಾಲ ಬುಡಕ್ಕೇ ಬರುತ್ತದೆ.

"ಬೇಡ," ಅಂದೆ. "ನೋಡಬೇಡಿ ಅನ್ನಿ ಡಾಕ್ಟ್ರಮ್ಮ. ಹೊಸದು ಅಂತ ಗೊತ್ತಾಯ್ತಲ್ಲ, ಸಾಕು."

ಬಿರ್ಗಿತ್ ಜನ್ಮವೆಲ್ಲ ಅಕ್ಷರ ಹುಡುಕಿದವರು. ನೋಡಬೇಡ ಅಂದರೆ ಅವರಿಗೆ ಹೇಗಾಗಿರಬೇಡ! ಆದರೂ ಆಗಲಿ ಅಂತ ತಲೆಯಾಡಿಸಿದರು. ಹೊರಡುವಾಗ ಕರುವಿನ ಒಂದು ಹೊಸ ಕೋಟು ತಂದು ನನ್ನ ತೋಳಿಗೆ ಹಾಕಿದರು. ನೀಲಿ ಬಣ್ಣ, ಒಳಗೆ ಮೆತ್ತೆ.

ಮತ್ತೆ ಗುರುಮಲ್ಲಮ್ಮನ ಕೊಟ್ಟಿಗೆ

ಬಸವ ಜಯಂತಿಗೆ ಮೂರು ದಿನ ಇತ್ತು. ನಾನು ಕಾಲು ತೊಳೆದವಳೇ ಹೋದೆ. ಗುರುಮಲ್ಲಮ್ಮ ಕರುವಿಗೆ ಎಣ್ಣೆ ಸವರುತ್ತಿದ್ದಳು. ಮಾದೇವಿ ಹೊಸಲಿನ ಮೇಲೆ ನಿಂತಿದ್ದಳು, ಕೂರಲಿಲ್ಲ.

"ಯಾರ ಕಡೆಯಿಂದ್ಲಂತೆ?"

"ಯಾರ ಕಡೆಯದೂ ಅಲ್ಲ ಕಣೆ. ಕೆಂಪೀಲೂ ಇಲ್ಲ, ಬಸವಪ್ಪನಲ್ಲೂ ಇಲ್ಲ. ಅಕ್ಷರ ಬರೀವಾಗ ಕೈ ಜಾರ್ತದಲ್ಲ, ಅಂಗೆ ಒಂದೇ ಒಂದು ಅಕ್ಷರ ಜಾರ್ಬುಟ್ಟದೆ. ಒಸದು. ಇದರ ಸ್ವಂತದ್ದು. ಅಂಗೆ ಜಾರಿದ ಅಕ್ಷರ ನಿನ್ನಲ್ಲೂ ಅವೆ, ನನ್ನಲ್ಲೂ ಅವೆ. ಕೇಡು ಮಾಡಲ್ಲ, ಅಷ್ಟೇ." ಮಾದೇವಿ ಕಡೆ ತಿರುಗಿ ಹೇಳಿದೆ: "ನಿನ್ನ ಮಗೂಗೂ ಇದಕ್ಕೂ ಏನೂ ಇಲ್ಲ ಮಗಳೇ. ಅಲ್ಲಿ ಬಾಯಿ ಬಿಟ್ಟು ಕೇಳಿ ಬಂದಿವ್ನಿ."

ಮಾದೇವಿ ಆಗ ಕೂತಳು. ಹೊಸಲ ಮೇಲೆ ಕೂರಬಾರದು ಅಂತ ಅತ್ತೆ ಅನ್ನಲಿಲ್ಲ.

ಗುರುಮಲ್ಲಮ್ಮ ಎಣ್ಣೆ ಕೈಯಲ್ಲೇ ಕರುವಿನ ಬೆನ್ನು ನೇವರಿಸಿದಳು.

"ಒಸದು ಅಂದ್ರಾ ಅವ್ರು?"

"ಊಂ."

"ಅಂಗಾರೆ ಒಸಬಿ ಅಂತ್ಲೇ ಕರೆಯಣ."

ಹೆಸರು ಬಿತ್ತು. ಮಾದೇವಿ ನನ್ನ ಮುಖ ನೋಡಿದಳು, ನಾನು ಮೇಲೆ ಜಂತಿ ನೋಡಿದೆ. ಕಣ್ಣಿಗೆ ಏನೋ ಬಿದ್ದಿತ್ತು.

ನೀಲಿ ಕೋಟು ತೆಗೆದು ಕೊಟ್ಟೆ. ಗುರುಮಲ್ಲಮ್ಮ ಒಳಗೆ ಹೊರಗೆ ತಿರುವಿ ನೋಡಿ, ಹೊಲಿಗೆ ಎಳೆದು ನೋಡಿ, "ಬಿಸಿಲಿಗೆ ಬೆಂದೋಯ್ತದೆ ಇದ್ರಲ್ಲಿ. ಚಳಿಗಾಲಕ್ಕಾಯ್ತದೆ, ಮಡಗು" ಅಂದಳು. ಅಲ್ಲಿಗೆ ಒಸಬಿ ಚಳಿಗಾಲದ ತನಕ ಇಲ್ಲೇ ಇರುತ್ತಾಳೆ ಅಂತಾಯಿತು. ಕೆಂಪಿಯ ಮಾತು ಯಾರೂ ಎತ್ತಲಿಲ್ಲ. ಅವಳು ತನ್ನ ಗೂಟದಲ್ಲಿ ಮೆಲುಕು ಹಾಕುತ್ತಿದ್ದಳು.

ಇನ್ನೊಂದು ಮಾತು ಬಾಕಿ ಇತ್ತು. ಬಿರ್ಗಿತ್ ಹೇಳು ಅಂದಿದ್ದರು, ಮುಚ್ಚಿಡುವುದು ನ್ಯಾಯವಲ್ಲ.

"ಗುರುಮಲ್ಲಿ, ಒಂದು ತಿಳ್ಕೊ. ಇವಳು ಬೆಳೆದು ಗಬ್ಬ ಆಗಿ ಕರ ಹಾಕಿದರೆ, ಅದಕ್ಕೂ ಇಂಗೇ ಆಗಬಹುದು. ಆಗದೇನೂ ಇರಬಹುದು."

ಗುರುಮಲ್ಲಮ್ಮ ಒಸಬಿಯ ಮೈಮೇಲಿನ ಸೀರೆ ಕುಪ್ಪಸದ ಗಂಟು ಬಿಗಿ ಮಾಡಿದಳು.

"ಆದ್ರೆ ಆಯ್ತು ಬುಡು," ಅಂದಳು. "ಇನ್ನೊಂದು ಸೀರೆ ಅದೆ."